ಮಲಗಿರುವ ನೀರಿನಲ್ಲಿ ಕೋಲು

ಕೊಬ್ಬರಿ ವ್ಯಾಪಾರಿಗೆ ಕಣ್ಣಿಗಿಂತ ಕಿವಿ ಚುರುಕಿರಬೇಕು ಎಂದು ನಮ್ಮ ತಂದೆ ದೇವೀರಪ್ಪನವರು ಹೇಳುತ್ತಿದ್ದರು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಉಂಡೆ ಲೊಟಲೊಟ ಎಂದರೆ ಒಣಗಿದೆ. ಸದ್ದಿಲ್ಲದಿದ್ದರೆ ಇನ್ನೂ ಅಟ್ಟದ ಮೇಲಿರಲಿ. ಅರಸೀಕೆರೆಯ ನಮ್ಮ ಮಂಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ, ಅಲ್ಲಾಡಿಸಿ ನೋಡದೆ ಒಂದು ಕಾಯನ್ನೂ ಒಡೆಸಿದವನಲ್ಲ. ಶರತ್ಚಂದ್ರ ತನ್ನ ನೆರಳನ್ನೂ ಅಲ್ಲಾಡಿಸಿ ನೋಡುತ್ತಾನೆ ಎಂದು ಮಂಡಿಯವರು ಆಡಿಕೊಳ್ಳುತ್ತಾರೆ. ಇಂಥ ನಾನು ಒಂದೇ ಒಂದು ವಸ್ತುವನ್ನು ಪರೀಕ್ಷೆ ಮಾಡದೆ ನನ್ನ ಹೆಂಡತಿಯ ಕೈಗೆ ಕೊಟ್ಟೆ. ಅದು ಕಯಾಕ್ ನಡೆಸುವ ಹುಟ್ಟು.

ಉಷಾರಾಣಿ ಹಳೇಬೀಡಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಅವಳ ಕೆಲಸಕ್ಕಾಗಿ ಹಳೇಬೀಡಿನಲ್ಲಿ ಮನೆ, ನನ್ನ ಕೆಲಸಕ್ಕಾಗಿ ದಿನಾ ಅರಸೀಕೆರೆ ರಸ್ತೆಯಲ್ಲಿ ನನ್ನ ಬೈಕು. ನಾಲ್ಕು ವರ್ಷದ ಹಿಂದೆ ಶಾಲೆಯ ಮಕ್ಕಳನ್ನು ಬೇಲೂರಿಗೆ ಪ್ರವಾಸ ಕರೆದುಕೊಂಡು ಹೋದಾಗ ಹಿನ್ನೀರಿನಲ್ಲಿ ಒಂದು ಸಲ ಕಯಾಕಿನಲ್ಲಿ ಕೂತಳು. ಆ ರಾತ್ರಿ ಊಟಕ್ಕೆ ಬಡಿಸುತ್ತಾ ಸಾರಿನ ಸೌಟನ್ನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ ತೋರಿಸಿದಳು. ಇವಳಿಗೆ ಹುಚ್ಚು ಹಿಡಿದಿದೆ ಎಂದುಕೊಂಡೆ. ಹಿಡಿದೇ ಇತ್ತು. ಮರುವರ್ಷ ಕಿತ್ತಳೆ ಬಣ್ಣದ ಕಯಾಕ್ ಒಂದು ನಮ್ಮ ಜಗಲಿಯ ಮೇಲೆ ಬಂದು ಮಲಗಿತು.

ಬಸ್ತಿಹಳ್ಳಿ ದಾಟಿ ಹುಲಿಕೆರೆ ಕಡೆ ಹೋದರೆ ಹಿರೇಕಟ್ಟೆ ಕೆರೆ ಸಿಗುತ್ತದೆ. ಪ್ರವಾಸಿಗಳು ಬರುವ ಜಾಗವಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಅವಳು ನೀರಿನಲ್ಲಿ, ನಾನು ಕಾಫಿಯ ಫ್ಲಾಸ್ಕು ಹಿಡಿದು ಏರಿಯ ಮೇಲೆ. ನನಗೆ ಈಜು ಬಾರದು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವಳು ಅಷ್ಟು ನೆಮ್ಮದಿಯಾಗಿ ಕೂತದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ನಮಗೆ ಮಕ್ಕಳಿಲ್ಲ. ಆ ಒಂದು ಗಂಟೆ ಅವಳದ್ದು, ಅದನ್ನು ಯಾರೂ ಕಿತ್ತುಕೊಳ್ಳಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತಿತ್ತು.

ಕಿತ್ತುಕೊಳ್ಳಲು ಬಂದದ್ದು ಅವಳ ಬಲಗೈ ಮಣಿಕಟ್ಟು. ಮೊದಲು ಬೆರಳು ಜೋಮು ಹಿಡಿಯಿತು, ಆಮೇಲೆ ಸೀಮೆಸುಣ್ಣ ಹಿಡಿಯಲಾಗದಷ್ಟು ನೋವು. ಮಣಿಕಟ್ಟಿನ ನರ ಅಮುಕಿಕೊಂಡಿದೆ, ಹುಟ್ಟು ಹಾಕುವಾಗಲೆಲ್ಲ ಕೈ ಬಾಗುತ್ತಿದೆ, ಹೀಗೇ ಮುಂದುವರಿದರೆ ಆಪರೇಷನ್ ಎಂದರು ಹಾಸನದ ಡಾಕ್ಟರು. ಇಲ್ಲವೇ ದೋಣಿ ಬಿಡಬೇಕು. ವಾಪಸು ಬರುವಾಗ ಬೈಕಿನ ಹಿಂದೆ ಕೂತು ನನ್ನ ಬೆನ್ನಿಗೆ ಹಣೆ ಒತ್ತಿಕೊಂಡು ಹೇಳಿದಳು:

“ಸ್ಕೂಲು ಬೇಕಾದ್ರೆ ಬಿಡ್ತೀನಿ ಕಣ್ರೀ. ಕೆರೆ ಬಿಡಲ್ಲ.”

ಬೇಲೂರಿನ ಹತ್ತಿರ ದೋಣಿಗಳನ್ನಿಟ್ಟುಕೊಂಡಿದ್ದ ಸಂತೋಷ್ ಎಂಬುವನಿಗೆ ಫೋನು ಮಾಡಿದೆ. ನಮಗೆ ಕಯಾಕ್ ತರಿಸಿಕೊಟ್ಟವನೂ ಅವನೇ. ಆ ಶನಿವಾರವೇ ನಮ್ಮ ಹಳೇ ಹುಟ್ಟಿನ ಬದಲಿಗೆ ಎರಡು ಹುಟ್ಟು ತಂದು ನಮ್ಮ ಹಜಾರದ ಗೋಡೆಗೆ ಒರಗಿಸಿದ. ಎರಡಕ್ಕೂ ಎರಡು ತುದಿಯಲ್ಲಿ ಅಲಗು, ನಡುವೆ ಕೈ ಹಿಡಿಯುವ ದಂಡ. ಒಂದರ ದಂಡ ಬಿದಿರಿನ ಗಳದಂತೆ ನೆಟ್ಟಗಿತ್ತು. ಇನ್ನೊಂದರದ್ದು ಕೈಯಿಡುವ ಎರಡು ಕಡೆಯಲ್ಲೂ ಸೊಟ್ಟಗೆ ಬಾಗಿ ಮತ್ತೆ ತಿರುಗಿ ಬಂದಿತ್ತು.

“ನೆಟ್ಟಗಿರೋದ್ರಲ್ಲಿ ಕೈ ಎಲ್ಲಿ ಬೇಕಾದ್ರೂ ಜರುಗಿಸ್ಬಹುದು ಮೇಡಂ. ಉದ್ದ ಚಾಚಬಹುದು, ಗಿಡ್ಡ ಹಿಡೀಬಹುದು” ಎಂದ ಸಂತೋಷ್. “ಸೊಟ್ಟದ್ರಲ್ಲಿ ಕೈಗೆ ಒಂದೇ ಜಾಗ. ಆದ್ರೆ ಮಣಿಕಟ್ಟು ಬಾಗೋದೇ ಇಲ್ಲ. ಎರಡೂ ಒಂದು ತಿಂಗಳು ಇಟ್ಕೊಳ್ಳಿ. ಬೇಡದ್ದು ವಾಪಸ್ ಕೊಡಿ.”

ಉಷಾ ನೆಟ್ಟಗಿದ್ದುದನ್ನೇ ಮೊದಲು ಎತ್ತಿಕೊಂಡಳು. ಅದಕ್ಕೆ ಕಾರಣ ಕರಿಯಯ್ಯ.

ಕರಿಯಯ್ಯ ಹಿರೇಕಟ್ಟೆ ಕೆರೆಯ ನೀರಗಂಟಿ. ಗದ್ದೆಗಳಿಗೆ ಯಾವಾಗ ನೀರು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಅವನ ಮನೆತನದ ಕೆಲಸ. ಏರಿಯಿಂದ ಮೂವತ್ತು ಅಡಿ ಒಳಗೆ, ನೀರಿನ ನಡುವೆ, ತೂಬಿನ ಎರಡು ಹಳೇ ಕಲ್ಲುಕಂಬಗಳು ನಿಂತಿವೆ. ನೀರು ಒಳನುಗ್ಗುವ ಬಾಯಿ ಅವುಗಳ ಬುಡದಲ್ಲಿ. ಅಲ್ಲಿಂದ ಏರಿಯ ಕೆಳಗೆ ಹಾದು ಆಚೆ ಕಾಲುವೆಗೆ ಬೀಳುತ್ತದೆ. ಇತ್ತೀಚೆಗೆ ಏರಿಯ ಹೊರಗಡೆ, ಕಾಲುವೆ ಶುರುವಾಗುವಲ್ಲಿ, ಚಕ್ರ ತಿರುಗಿಸುವ ಕಬ್ಬಿಣದ ಗೇಟು ಕೂರಿಸಿದ್ದಾರೆ. ಕೆರೆಯ ಕಡೆ ನಿಂತವರಿಗೆ ಅದು ಕಾಣುವುದಿಲ್ಲ. ಅದಕ್ಕೇ ಕರಿಯಯ್ಯ ಗೇಟು ಎತ್ತುವ ಮುಂಚೆ ಏರಿಯ ಮೇಲಿನ ಹುಣಸೆ ಮರಕ್ಕೆ ಒಂದು ಬಿಳಿ ಪಂಚೆ ಕಟ್ಟುತ್ತಿದ್ದ. ಪಂಚೆ ಕಂಡರೆ ಎಮ್ಮೆ ತೊಳೆಯುವವರೂ ನೀರಿಗಿಳಿಯುತ್ತಿರಲಿಲ್ಲ.

ಕೆರೆ ತುಂಬಿರುವಷ್ಟು ದಿನ ವಾರಕ್ಕೊಂದು ಸಲ ತೂಬಿನ ಕಂಬದ ಮೇಲೆ ಗಂಗಮ್ಮನಿಗೆ ಹೂವಿಡುವುದು ಅಲ್ಲಿಯ ಪದ್ಧತಿ. ಮೊದಲೆಲ್ಲ ಕರಿಯಯ್ಯ ಹರಿಗೋಲಿನಲ್ಲಿ ಹೋಗಿ ಇಡುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಆ ಕೆಲಸವನ್ನು ಉಷಾಳಿಗೆ ಒಪ್ಪಿಸಿದ್ದ. ಒಪ್ಪಿಸುವಾಗ ಒಂದು ವಿದ್ಯೆಯನ್ನೂ ಕೊಟ್ಟಿದ್ದ.

“ಪಂಚೆ ಕಾಣ್ನಿಲ್ಲ ಅಂತ ನಂಬ್ಕಂಡು ಓಗ್ಬ್ಯಾಡಿ ಟೀಚರಮ್ಮ. ಕಂಬ ಇನ್ನೂ ಎರಡು ಮಾರು ಐತೆ ಅನ್ನುವಾಗ ನಿಂತ್ಕಳಿ. ಕೋಲನ್ನ ಎರಡು ಬೆಳ್ಳಲ್ಲಿ ಹಿಡ್ಕಂಡು ನೀರಿಗೆ ಇಳಿಬುಡಿ. ಕೋಲು ನೆಟ್ಟಗೆ ನಿಂತ್ರೆ ನೀರು ಮಲಗೈತೆ. ಅದರ ಬುಡ ಕಂಬದ ಕಡೀಕೆ ವಾಲಿದ್ರೆ ನೀರು ಎದ್ದೈತೆ. ಹಿಂದಕ್ ಬಂದ್ಬುಡಿ. ಹೂವ ಆಮ್ಯಾಕೆ ಇಟ್ರಾಯ್ತು, ಗಂಗವ್ವ ಏನು ಓಡೋಯ್ತಾಳಾ?”

ಮೂರು ವರ್ಷ ಅವಳು ಅದನ್ನು ತಪ್ಪಿಸಿರಲಿಲ್ಲ. ಕಂಬದ ಹತ್ತಿರ ನಿಂತು ಹುಟ್ಟನ್ನು ನೀರಿನಲ್ಲಿ ತೂಗುಬಿಟ್ಟು ನೋಡುವುದು, ಆಮೇಲೆ ಮುಂದಕ್ಕೆ ಹೋಗಿ ಚೆಂಡುಹೂವಿಡುವುದು. ಏರಿಯ ಮೇಲಿಂದ ನೋಡುವ ನನಗೆ ಅವಳು ನೀರಿನ ನಾಡಿ ಹಿಡಿದಂತೆ ಕಾಣುತ್ತಿತ್ತು.

ಹೊಸ ಹುಟ್ಟುಗಳನ್ನು ಕೆರೆಗೆ ಒಯ್ದ ದಿನ ಕರಿಯಯ್ಯ ಹುಣಸೆ ಮರದ ಕೆಳಗೆ ಕಂಬಳಿ ಹೊದ್ದು ಕೂತಿದ್ದ. ಜ್ವರ, ಕಾಲಿಗೆ ಬಾವು. ಸಂಜೆ ಮಗಳು ಬಂದು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುವವಳಿದ್ದಳು. ಸೊಟ್ಟ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದ.

“ಇದರಲ್ಲಿ ನೀರು ಎಂಗ್ ನೋಡ್ತೀರವ್ವ?”

“ಅದೇ ಯೋಚನೆ ಕರಿಯಯ್ಯ” ಎಂದಳು ಉಷಾ.

ನಾನು ಸುಮ್ಮನಿರಬಾರದಿತ್ತೇ? “ನಿನ್ನ ಕಾಲದ ಕೋಲು ನಿನ್ನ ಕಾಲಕ್ಕೆ, ಇದು ಡಾಕ್ಟರ ಕೋಲು” ಎಂದೆ.

ಅವನಿಗೆ ನಗು ಬರಲಿಲ್ಲ. “ಇದು ಕೆಟ್ಟದ್ದು ಅನ್ನಕಿಲ್ಲ ಸಾವ್ಕಾರ್ರೆ. ಇದು ಎಂಗೆ ನಿಂತ್ಕತೈತೆ ಅಂತ ನಂಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಮಲಗಿರೋ ನೀರಲ್ಲಿ ಒಂದ್ ಕಿತ ಇಳಿಬಿಟ್ಟು ನೋಡ್ಕಂಬುಡಿ. ತೊಟ್ಟಿಲಾದ್ರೂ ಸರಿ, ಬಾವೀಲಾದ್ರೂ ಸರಿ. ಅದರ ಗುಣ ತಿಳ್ಕಂಡು ಆಮ್ಯಾಕೆ ತಗಂಡೋಗಿ.”

“ಆಯ್ತು ಬಿಡು, ನೋಡ್ತೀನಿ” ಎಂದೆ. ಅರಸೀಕೆರೆ ಮಂಡಿಯ ಹಿತ್ತಲಲ್ಲಿ ಆಳೆತ್ತರದ ಸಿಮೆಂಟು ತೊಟ್ಟಿಯಿದೆ. ಸೋಮವಾರ ನೋಡಿದರಾಯಿತು ಎಂದುಕೊಂಡೆ. ಸೋಮವಾರ ಲಾರಿ ಬಂತು. ಮಂಗಳವಾರ ಮರೆತೆ. ಬುಧವಾರ ನೆನಪಾಯಿತು, ಎರಡು ಗೇಣು ಸೊಟ್ಟವಿರುವ ವಸ್ತು ನೀರಿನಲ್ಲಿ ಸೊಟ್ಟಗಲ್ಲದೆ ಇನ್ನು ಹೇಗೆ ನಿಂತೀತು ಎಂದು ನನಗೆ ನಾನೇ ಹೇಳಿಕೊಂಡೆ. ಬುದ್ಧಿವಂತ ನಾನು.

ಕರಿಯಯ್ಯ ಆಸ್ಪತ್ರೆ ಸೇರಿದ ಮೇಲಿನ ಮೊದಲ ಭಾನುವಾರ ಉಷಾ ಸೊಟ್ಟ ಹುಟ್ಟು ಹಿಡಿದು ಒಂದು ಗಂಟೆ ಕೆರೆ ಸುತ್ತಿದಳು. ದಡಕ್ಕೆ ಬಂದವಳು ಬಲಗೈಯನ್ನು ನನ್ನ ಮುಖದ ಮುಂದೆ ಹಿಡಿದು ಐದೂ ಬೆರಳು ಮಡಿಸಿ ಬಿಡಿಸಿದಳು. ನೋವಿರಲಿಲ್ಲ. ಆರು ತಿಂಗಳಲ್ಲಿ ಮೊದಲ ಸಲ ಫ್ಲಾಸ್ಕಿನ ಮುಚ್ಚಳವನ್ನು ಅವಳೇ ತಿರುಗಿಸಿದಳು. ಕಾಫಿ ಕುಡಿಯುತ್ತಾ ಅಂದಳು:

“ತೂಬಿನ ಹತ್ರ ಸ್ವಲ್ಪ ವಾಲ್ತು ರೀ.”

ನಾನು ಹುಣಸೆ ಮರ ನೋಡಿದೆ. ಪಂಚೆ ಇರಲಿಲ್ಲ. “ನೀರಲ್ಲ ಕಣೇ, ಕೋಲೇ ಸೊಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

“ಕುಣಿಯೋಕೆ ಬರುತ್ತೆ ನಂಗೆ” ಎಂದು ನಕ್ಕಳು.

ಅಂದು ಮನೆಗೆ ಹೊರಡುವಾಗ ಏರಿಯ ಹೊರಗಿನ ಕಾಲುವೆಯ ತಳ ಒದ್ದೆಯಾಗಿದ್ದುದನ್ನು ನೋಡಿದೆ. ಜೊಂಡು ಒಂದೇ ಕಡೆಗೆ ಒರಗಿತ್ತು. ಮಳೆಗಾಲ ಈಗಷ್ಟೇ ಮುಗಿದಿದೆ, ಏರಿ ಜಿನುಗುತ್ತಿರಬೇಕು ಎಂದುಕೊಂಡು ಬೈಕು ಹತ್ತಿದೆ.

ಎರಡನೆಯ ಭಾನುವಾರ ಗಾಳಿ ಇರಲಿಲ್ಲ. ಕೊಕ್ಕರೆಗಳು ದಿನವೂ ತೂಬಿನ ಕಂಬದ ಮೇಲೆ ಕೂರುತ್ತಿದ್ದವು. ಅಂದು ಒಂದೂ ಇರಲಿಲ್ಲ, ಎಲ್ಲ ಆಚೆ ದಡದಲ್ಲಿ ನಿಂತಿದ್ದವು. ಎಲೆಗಳು, ಒಂದು ಹಳೇ ಚಪ್ಪಲಿ, ಹೋದ ವಾರದ ಚೆಂಡುಹೂವು ಎಲ್ಲ ಕಂಬದ ಬುಡದಲ್ಲಿ ಗುಂಪಾಗಿ ನಿಧಾನವಾಗಿ ಸುತ್ತುತ್ತಿದ್ದವು. ನನಗೆ ಅದು ಇಷ್ಟವಾಗಲಿಲ್ಲ. ಯಾಕೆ ಎಂದು ಕೇಳಿಕೊಳ್ಳಲೂ ಇಲ್ಲ.

ಉಷಾ ಬೇಗ ದಡಕ್ಕೆ ಬಂದಳು. ಕೈಯಲ್ಲಿ ನೋವಿರಲಿಲ್ಲ, ಆದರೆ ಮುಖದಲ್ಲಿ ಗೆಲುವೂ ಇರಲಿಲ್ಲ.

“ಹೋದ ವಾರಕ್ಕಿಂತ ಜಾಸ್ತಿ ವಾಲ್ತು ರೀ. ಹೂವಿಟ್ಟು ಹಿಂದಕ್ಕೆ ಬರುವಾಗ ಯಾರೋ ದೋಣಿ ಹಿಡ್ಕೊಂಡ ಹಾಗಾಯ್ತು.”

“ಪಂಚೆ ಎಲ್ಲಿದೆ ಹೇಳು?”

“ಇಲ್ಲ.”

“ಮತ್ತೆ?”

“ಕರಿಯಯ್ಯನೂ ಇಲ್ಲವಲ್ಲ” ಎಂದಳು.

ಆ ಮಾತಿಗೆ ನಾನು ಅಲ್ಲೇ ನಿಲ್ಲಬೇಕಿತ್ತು. ಪಂಚೆ ಕಟ್ಟುವವನೇ ಊರಲ್ಲಿಲ್ಲದಿದ್ದಾಗ ಪಂಚೆ ಇಲ್ಲ ಎಂದರೆ ಏನರ್ಥ? ಆದರೆ ನನ್ನ ತಲೆಯಲ್ಲಿ ಹಾಸನದ ಡಾಕ್ಟರಿದ್ದರು, ಕತ್ತರಿಯಿತ್ತು, ಬೈಕಿನ ಹಿಂದೆ ಕೂತು ಬೆನ್ನಿಗೆ ಹಣೆ ಒತ್ತಿದ ಹೆಂಡತಿ ಇದ್ದಳು. ಈ ಹುಟ್ಟೂ ಬೇಡವೆಂದರೆ ಅವಳು ಮತ್ತೆ ನೆಟ್ಟಗಿನದನ್ನು ಹಿಡಿಯುತ್ತಾಳೆ, ಕೈ ಮತ್ತೆ ಕೆಡುತ್ತದೆ, ಆಮೇಲೆ ಕೆರೆಯೂ ಇಲ್ಲ. “ಕೈ ಸರಿಹೋಗಿದೆ, ಹಿಡಿಯೋ ರೀತಿ ಬದಲಾಗಿದೆ, ಅದಕ್ಕೇ ಜಾಸ್ತಿ ವಾಲುತ್ತೆ” ಎಂದೆ. ನನಗೇ ಗೊತ್ತಿಲ್ಲದ ವಿಷಯವನ್ನು ನಾನು ಎಷ್ಟು ಧೈರ್ಯವಾಗಿ ಹೇಳಬಲ್ಲೆ ಎಂದರೆ, ಕೊಬ್ಬರಿ ವ್ಯಾಪಾರಕ್ಕೆ ಬಂದು ಕೆಟ್ಟೆ.

“ತೊಟ್ಟೀಲಿ ನೋಡಿದ್ರಾ?” ಎಂದು ಕೇಳಿದಳು.

“ನೋಡ್ತೀನಿ ಅಂದ್ನಲ್ಲ.”

ಮೂರನೆಯ ಭಾನುವಾರ ಬೆಳಿಗ್ಗೆ ನಾನು ನೆಟ್ಟಗಿದ್ದ ಹುಟ್ಟನ್ನು ಗೋಣಿತಾಟಿನಲ್ಲಿ ಸುತ್ತಿ ಕಟ್ಟುತ್ತಿದ್ದೆ. ಕೆರೆಯಿಂದ ಹಾಗೇ ಬೇಲೂರಿಗೆ ಹೋಗಿ ಸಂತೋಷ್‌ಗೆ ವಾಪಸು ಕೊಡುವುದೆಂದು ತೀರ್ಮಾನಿಸಿದ್ದೆ. ಉಷಾ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಹೊರಗೆ ಬಂದವಳು ಗಂಟು ಬಿಚ್ಚತೊಡಗಿದಳು.

“ಇವತ್ತೊಂದು ದಿನ ಇದನ್ನೇ ತಗೊಂಡು ಹೋಗ್ತೀನಿ ರೀ. ಒಂದು ಸಲ ನೋಡ್ಬಿಡ್ತೀನಿ. ಮನಸ್ಸಿಗೆ ಸಮಾಧಾನ.”

“ಒಂದು ದಿನ ಒಂದು ದಿನ ಅಂತ ಮತ್ತೆ ಕೈ ಹಾಳು ಮಾಡ್ಕೊ. ಆಮೇಲೆ ರಾತ್ರಿಯಿಡೀ ಬಿಸಿನೀರಿನ ಚೀಲ ನಾನು ಹಿಡೀಬೇಕು.”

“ನಾನು ಹಿಡ್ಕೊತೀನಿ.”

“ಉಷಾ, ಕೊಡಿಲ್ಲಿ.”

ಅವಳ ಕೈಯಿಂದ ನೆಟ್ಟಗಿನ ಹುಟ್ಟು ಕಿತ್ತುಕೊಂಡೆ. ಜಗಳವೇನೂ ಆಗಲಿಲ್ಲ. ಸೊಟ್ಟದ್ದನ್ನು ಕೊಟ್ಟೆ, ಅವಳು ತೆಗೆದುಕೊಂಡಳು. ಅಷ್ಟೇ ನಡೆದದ್ದು. ಈಗಲೂ ನನ್ನ ಅಂಗೈಗೆ ಆ ಎಳೆತ ನೆನಪಿದೆ. ಅವಳು ಒಂದು ಕ್ಷಣ ಬಿಡದೆ ಹಿಡಿದಿದ್ದಳು.

ಕೆರೆಯಲ್ಲಿ ಮಂಜು ಹರಿದು ಬಿಸಿಲು ಬಿದ್ದಿತ್ತು. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ನಾನೇ ಬಿಗಿದೆ. ಹುಣಸೆ ಮರದಲ್ಲಿ ಪಂಚೆ ಇರಲಿಲ್ಲ. ಅವಳು ಒಂದು ಸುತ್ತು ಹೋಗಿ ಬಂದು ಕಂಬದಿಂದ ಎರಡು ಮಾರು ದೂರದಲ್ಲಿ ನಿಂತು ಹುಟ್ಟನ್ನು ಎರಡು ಬೆರಳಿನಲ್ಲಿ ನೀರಿಗೆ ಇಳಿಬಿಟ್ಟಳು. ಏರಿಯ ಮೇಲಿಂದ ನನಗೂ ಕಂಡಿತು. ಮೇಲಿನ ಅಲಗು ಕಂಬದಿಂದ ಆಚೆಗೆ ವಾಲಿತು, ಬುಡ ಕಂಬದ ಕಡೆ ಹೋಯಿತು.

“ವಾಲ್ತಾ ಇದೆ ರೀ” ಎಂದು ಕೂಗಿದಳು.

“ವಾಲಲಿ ಬಿಡೇ! ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ರೆ ನೆಟ್ಟಗಾಗುತ್ತಾ?”

ಅವಳು ನಕ್ಕಳು. ಅಷ್ಟು ದೂರಕ್ಕೂ ಕೇಳಿಸಿತು. ನಗುತ್ತಲೇ ಹುಟ್ಟೆತ್ತಿ ಎರಡು ಸಲ ಹಾಕಿದಳು.

ಆಗ ನನ್ನ ಬೆನ್ನ ಹಿಂದೆ, ಏರಿಯ ಹೊರಗಡೆ, ನೀರು ಭೋರೆನ್ನುವುದು ಕೇಳಿಸಿತು. ತಿರುಗಿ ನೋಡಿದೆ. ಕಾಲುವೆ ತುಂಬಿ ಹರಿಯುತ್ತಿತ್ತು. ಕೆಳಗೆ ಯಾರೋ ಬಗ್ಗಿ ಗೇಟಿನ ಚಕ್ರ ತಿರುಗಿಸುತ್ತಿದ್ದರು. “ಉಷಾ” ಎಂದು ಕೂಗಿ ಈ ಕಡೆ ತಿರುಗುವಷ್ಟರಲ್ಲಿ ಕಯಾಕಿನ ಮೂತಿ ತಾನಾಗಿ ಕಂಬದ ಕಡೆ ಹೊರಳಿತ್ತು. ಅವಳು ಹಿಂದಕ್ಕೆ ಹುಟ್ಟು ಹಾಕುತ್ತಿದ್ದಳು, ಜೋರಾಗಿ ಹಾಕುತ್ತಿದ್ದಳು. ಕಯಾಕ್ ಎರಡು ಕಂಬಗಳಿಗೆ ಅಡ್ಡ ಬಿದ್ದು ನಿಂತಿತು. ಆಮೇಲೆ ಅದರ ಕಿತ್ತಳೆ ಬಣ್ಣದ ಹೊಟ್ಟೆ ಮಾತ್ರ ಕಾಣಿಸಿತು.

ನಾನು ನೀರಿಗೆ ಹಾರಲಿಲ್ಲ. ಹೊರಗಿನ ಇಳಿಜಾರಿನಲ್ಲಿ ಉರುಳಿಕೊಂಡು ಗೇಟಿನ ಹತ್ತಿರ ಹೋದೆ. ಚಕ್ರ ಹಿಡಿದು ನಿಂತಿದ್ದವನು ಕೆಳಗಿನ ಗದ್ದೆಯ ಕೆಂಚಪ್ಪ. ನಾನು ಚಕ್ರವನ್ನೇ ಹಿಡಿದು ಎಳೆದೆ. ಇಬ್ಬರೂ ಸೇರಿ ತಿರುಗಿಸಿದೆವು. ಎತ್ತುವುದು ಎಷ್ಟು ನಿಧಾನವೋ ಇಳಿಸುವುದೂ ಅಷ್ಟೇ ನಿಧಾನ. ಆಚೆ ದಡದಲ್ಲಿ ಮೀನಿಗೆ ಬಲೆ ಹಾಕುತ್ತಿದ್ದವರು ಈಜಿ ಬಂದು ಅವಳನ್ನು ಬಿಡಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಬಿಗಿದಿದ್ದ ಜಾಕೆಟ್ಟಿನ ಪಟ್ಟಿ ಕಂಬದ ಸಂದಿಗೆ ಸಿಕ್ಕಿಕೊಂಡಿತ್ತು. ಹುಟ್ಟು ಏನೂ ಆಗದೆ ಏರಿಯ ಕಲ್ಲಿಗೆ ಬಂದು ತಾಗಿತ್ತು.

ಅರಸೀಕೆರೆಯ ನಮ್ಮ ತೋಟದಲ್ಲಿ ಅವಳನ್ನು ಮಣ್ಣು ಮಾಡಿದೆವು. ಹನ್ನೊಂದನೆಯ ದಿನ ಮಠದಿಂದ ಸ್ವಾಮಿಗಳು ಬಂದರು, ನೆಂಟರು ಉಂಡರು, ಹೋದರು. ಮಧ್ಯಾಹ್ನ ಮೂರರ ಹೊತ್ತಿಗೆ ಕರಿಯಯ್ಯ ಕೋಲೂರಿಕೊಂಡು ಮಂಡಿಯ ಬಾಗಿಲಿಗೆ ಬಂದ. ಆಸ್ಪತ್ರೆಯಿಂದ ನೆಟ್ಟಗೆ ಬಸ್ಸು ಹತ್ತಿದ್ದ. ಎಷ್ಟು ಕರೆದರೂ ಒಳಗೆ ಬರಲಿಲ್ಲ, ಜಗಲಿಯ ತುದಿಯಲ್ಲಿ ಕೂತ. ಬಹಳ ಹೊತ್ತು ಅತ್ತ.

“ಕೆಂಚಪ್ಪ ನನ್ ತಾವ ಬಂದಿದ್ದ ಸಾವ್ಕಾರ್ರೆ. ಪಂಚೆ ಕಟ್ಬೇಕು ಅಂತ ಅವನಿಗೆ ನೆಪ್ಪಾಗ್ನಿಲ್ವಂತೆ. ನಾನ್ ಆಸ್ಪತ್ರೆ ಸೇರ್ದಾಗಿಂದ ಪ್ರತಿ ಭಾನ್ವಾರ ಅವನೇ ನೀರು ಬಿಡ್ತಿದ್ನಂತೆ. ಮೊದಲನೇ ವಾರ ಗೇಟು ಎತ್ತಿದ್ದು ನಾಕು ಬೆಳ್ಳು. ಎಲ್ಡನೇ ವಾರ ಒಂದು ಗೇಣು. ಆವತ್ತು ಪೂರ್ತಿ.”

ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ.

“ಒಂದೇ ಮಾತು ಕೇಳ್ತೀನಿ, ಕ್ವಾಪ ಮಾಡ್ಕಬ್ಯಾಡಿ. ಟೀಚರಮ್ಮ ಕೋಲು ಇಳಿಬುಡದೆ ಮುಂದಕ್ಕೆ ಓಗೋರಲ್ಲ. ಇಳಿಬಿಟ್ಟಿದ್ರೆ ವಾಲಿರಬೇಕು. ಮೂರು ವಾರಾನೂ ವಾಲಿರಬೇಕು. ನೀವು ಅದನ್ನ ಮಲಗಿರೋ ನೀರಲ್ಲಿ ನೋಡಿದ್ರಾ?”

ಅವನ ಕಣ್ಣಿನಲ್ಲಿ ಆರೋಪವಿರಲಿಲ್ಲ. ನನ್ನಿಂದ ಒಂದು ಒಳ್ಳೆಯ ಮಾತು ಸಿಗಲಿ ಎಂದು ಕಾಯುತ್ತಿದ್ದ.

“ನೋಡಿದ್ದೆ ಕರಿಯಯ್ಯ” ಎಂದೆ. “ಹಿತ್ತಲ ತೊಟ್ಟೀಲೇ ನೋಡಿದ್ದೆ. ಆ ಕೋಲು ಮಲಗಿರೋ ನೀರಲ್ಲೂ ವಾಲುತ್ತೆ. ಅದರ ಗುಣವೇ ಹಾಗೆ. ಅದರಲ್ಲಿ ಯಾರಿಗೂ ನೀರು ತಿಳೀತಿರಲಿಲ್ಲ.”

ಮುದುಕ ದೊಡ್ಡದಾಗಿ ಉಸಿರು ಬಿಟ್ಟು ಕೈಮುಗಿದ. “ಹಂಗಾದ್ರೆ ನಿಮ್ ತಪ್ಪಿಲ್ಲ ಬುಡಿ. ಆ ಕೋಲಿಂದೇ ತಪ್ಪು. ಗಂಗವ್ವ ನೋಡ್ಕಳ್ಳಿ.” ಐದೂವರೆಗೆ ಹಳೇಬೀಡಿನ ಬಸ್ಸಿದೆಯೆಂದು ಕೋಲೂರಿಕೊಂಡು ಹೋದ.

ಹುಟ್ಟು ಗೋದಾಮಿನ ಮೂಲೆಯಲ್ಲಿತ್ತು. ಪೊಲೀಸರು ಕೊಟ್ಟಾಗ ಇಟ್ಟವನು ಮುಟ್ಟಿರಲಿಲ್ಲ. ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ನಾನು ಹೇಳಿದ್ದು ಸುಳ್ಳಲ್ಲ ಎಂದು ನೋಡಿಕೊಳ್ಳಬೇಕಿತ್ತು. ಎರಡು ಗೇಣು ಸೊಟ್ಟವಿದೆ, ವಾಲದೆ ಎಲ್ಲಿಗೆ ಹೋದೀತು, ಹನ್ನೊಂದು ದಿನದಿಂದ ನಾನು ಆ ಒಂದು ನಂಬಿಕೆಯ ಮೇಲೇ ಉಸಿರಾಡಿಕೊಂಡಿದ್ದೆ.

ತೊಟ್ಟಿ ತುಂಬಿತ್ತು. ನೀರು ಅಲುಗದೆ ನಿಲ್ಲುವ ತನಕ ಕಾದೆ. ಹುಟ್ಟಿನ ಮೇಲ್ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಅವಳು ಹಿಡಿಯುತ್ತಿದ್ದ ಹಾಗೆಯೇ, ಇಳಿಬಿಟ್ಟೆ. ಅದು ಒಂದೆರಡು ಸಲ ತೂಗಾಡಿತು. ಆಮೇಲೆ ನಿಂತಿತು. ನಡುವೆ ಎಷ್ಟೇ ಸೊಟ್ಟವಿದ್ದರೂ ಮೇಲಿನ ತುದಿ, ಕೆಳಗಿನ ತುದಿ ಒಂದೇ ಗೆರೆಯಲ್ಲಿದ್ದವು. ಗಾರೆಯವನು ತೂಕದ ಗುಂಡು ಇಳಿಬಿಟ್ಟಂತೆ ನೆಟ್ಟಗೆ ನಿಂತಿತ್ತು. ತಲೆಕೆಳಗು ಮಾಡಿ ಮತ್ತೆ ಬಿಟ್ಟೆ. ನೆಟ್ಟಗೆ ನಿಂತಿತು.

ಮೂರು ಭಾನುವಾರವೂ ಅದು ಅವಳಿಗೆ ನಿಜವನ್ನೇ ಹೇಳಿತ್ತು. ಅವಳು ನನಗೆ ಹೇಳಿದ್ದಳು.

ಐದೂ ಕಾಲಾಗಿತ್ತು. ಬಸ್‌ಸ್ಟ್ಯಾಂಡು ನಮ್ಮ ಮಂಡಿಯಿಂದ ಕೂಗಳತೆಯಲ್ಲಿದೆ. ಓಡಿದರೆ ಕರಿಯಯ್ಯ ಸಿಗುತ್ತಿದ್ದ. ಬಸ್ಸು ಹಾರ್ನು ಮಾಡಿ ಹೊರಟದ್ದು ಕೇಳುವ ತನಕ ನಾನು ಹುಟ್ಟು ಹಿಡಿದುಕೊಂಡು ತೊಟ್ಟಿಯ ಹತ್ತಿರವೇ ನಿಂತಿದ್ದೆ.